ತಾಮ್ರಕ್ಕೆ ಕೊಡುವ ದುಡ್ಡು

ಹಳೆ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ: ಡೈನಮೊ ತೆಗೆಸಿ ಆಲ್ಟರ್ನೇಟರ್ ಹಾಕಿಸಿದರೆ ಎಷ್ಟಾಗುತ್ತದೆ? ಸಿಗುವ ಉತ್ತರದಲ್ಲಿ ಸಾಮಾನ್ಯವಾಗಿ ಆಲ್ಟರ್ನೇಟರಿನ ಬೆಲೆ, ಬ್ರಾಕೆಟ್, ಕೂಲಿ ಇಷ್ಟೇ ಇರುತ್ತದೆ. ವೈರಿನ ಮಾತೇ ಬರುವುದಿಲ್ಲ, ಬಂದರೂ ‘ಇದ್ದದ್ದಕ್ಕೇ ಜಾಯಿಂಟ್ ಹಾಕ್ತೀವಿ ಸಾರ್’ ಎಂಬಲ್ಲಿಗೆ ಮುಗಿಯುತ್ತದೆ. ನನ್ನ ಲೆಕ್ಕ ಇದಕ್ಕೆ ಉಲ್ಟಾ. ಈ ಕೆಲಸದಲ್ಲಿ ಕೈ ಹಿಡಿದು ಖರ್ಚು ಮಾಡಬೇಕಾದ್ದು ಆಲ್ಟರ್ನೇಟರಿಗೆ, ಕೈ ಬಿಚ್ಚಿ ಖರ್ಚು ಮಾಡಬೇಕಾದ್ದು ತಾಮ್ರಕ್ಕೆ. ಹಾಗೆ ಮಾಡದವರು ಉಳಿಸಿದ ದುಡ್ಡನ್ನು ಬ್ಯಾಟರಿ ಅಂಗಡಿಯವನಿಗೆ ಕಂತಿನಲ್ಲಿ ಕಟ್ಟುತ್ತಾರೆ.

ಮೊದಲು ಎಷ್ಟು ಕರೆಂಟು ಬೇಕು ಎನ್ನುವುದನ್ನು ನೋಡೋಣ. 60 ವ್ಯಾಟಿನ ಎರಡು ಹೈಬೀಮ್ ಬಲ್ಬಿಗೆ 10 ಆಂಪಿಯರ್, ಇಗ್ನಿಷನ್ ಕಾಯಿಲಿಗೆ 3–4, ವೈಪರಿಗೆ ಸುಮಾರು 3, ಹಿಂದಿನ ದೀಪ, ನಂಬರ್ ಪ್ಲೇಟಿನ ದೀಪ ಎಲ್ಲಾ ಸೇರಿ ಇನ್ನೊಂದೆರಡು. ಮಳೆಯ ರಾತ್ರಿಯಲ್ಲೂ ಒಟ್ಟು 20 ಆಂಪಿಯರಿನ ಆಸುಪಾಸು. ಆ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಬಹಳವಾಗಿ ಬಳಕೆಯಲ್ಲಿದ್ದ ಲುಕಾಸ್ ಸಿ40 ಡೈನಮೊ ಹೆಚ್ಚೆಂದರೆ 22 ಆಂಪಿಯರ್ ಕೊಡುತ್ತದೆ, ಅದೂ ಎಂಜಿನ್ ಚೆನ್ನಾಗಿ ಓಡುತ್ತಿದ್ದಾಗ. ಸಿಗ್ನಲ್ಲಿನಲ್ಲಿ ನಿಂತಾಗ ಡೈನಮೊಗೂ ಬ್ಯಾಟರಿಗೂ ನಡುವಿನ ಸ್ವಿಚ್ಚಾದ ಕಟೌಟ್ ಸಂಪರ್ಕ ಬಿಡಿಸಿಕೊಂಡು ಕೂರುತ್ತದೆ, ದೀಪಗಳು ಬ್ಯಾಟರಿಯ ಗಂಟನ್ನೇ ಕರಗಿಸುತ್ತವೆ. ಬೆಂಗಳೂರಿನ ಟ್ರಾಫಿಕ್ಕಿಗೆ ಡೈನಮೊ ಒಗ್ಗದಿರುವುದು ಇದಕ್ಕೇ. ಅದೇ ಲುಕಾಸ್ ಕಂಪನಿಯ 17ಎಸಿಆರ್ ಆಲ್ಟರ್ನೇಟರಿನ ಗರಿಷ್ಠ 36 ಆಂಪಿಯರ್, ಐಡಲ್ಲಿನಲ್ಲೂ ಅದು ಕೈಕೊಡುವುದಿಲ್ಲ. ಅಂದಮೇಲೆ 35ರಿಂದ 45 ಆಂಪಿಯರಿನದು ಧಾರಾಳ ಸಾಕು. ಎಸಿ ಇಲ್ಲದ ಕಾರಿಗೆ 100 ಆಂಪಿಯರಿನದು ಕೊಳ್ಳುವುದೆಂದರೆ ಇಬ್ಬರಿರುವ ಮನೆಗೆ ಮದುವೆ ಹಂಡೆ ತಂದಂತೆ.

ಇಲ್ಲಿ ತಿಳಿದವರೊಬ್ಬರು ಎತ್ತುವ ಆಕ್ಷೇಪವಿದೆ, ಅದು ಗಟ್ಟಿಯಾದದ್ದೇ. ಆಲ್ಟರ್ನೇಟರ್ ತಾನಾಗಿ ಕರೆಂಟನ್ನು ತಳ್ಳುವುದಿಲ್ಲ, ಕೇಳಿದಷ್ಟನ್ನೇ ಕೊಡುತ್ತದೆ. ದೀಪಗಳು ಅವೇ, ವೈಪರ್ ಅದೇ, ಹಾಗಿದ್ದ ಮೇಲೆ ಹಳೆ ವೈರಿಗೆ ಏನು ಕಷ್ಟ? ದಿನಾ ಓಡುವ ಕಾರಿಗೆ ಈ ಮಾತು ಬಹುಪಾಲು ಒಪ್ಪುತ್ತದೆ. ಆದರೆ ಹಳೆ ಕಾರು ವಾರಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಪ್ರಾಣಿ. ನಿಂತು ಬಳಲಿದ ಬ್ಯಾಟರಿ, ಎಂಜಿನ್ ಶುರುವಾದ ಕೂಡಲೆ, ಆಲ್ಟರ್ನೇಟರಿನಲ್ಲಿ ಇದ್ದಬದ್ದದ್ದನ್ನೆಲ್ಲ ಎಳೆದುಕೊಳ್ಳುತ್ತದೆ. ಡೈನಮೊ ಇದ್ದಾಗ ಆ ಎಳೆತಕ್ಕೆ 22ರ ಬೇಲಿಯಿತ್ತು, ಈಗ ಅದು 40ಕ್ಕೆ ಹೋಗಿದೆ. ಎರಡು ಮೀಟರ್ ಉದ್ದದ, 2.5 ಚದರ ಮಿಲಿಮೀಟರ್ ದಪ್ಪದ ವೈರಿನಲ್ಲಿ 20 ಆಂಪಿಯರ್ ಹರಿದರೆ ಐದೂವರೆ ವ್ಯಾಟಿನಷ್ಟು ಶಾಖ. 40 ಹರಿದರೆ 22 ವ್ಯಾಟ್. ಕರೆಂಟು ಎರಡು ಪಟ್ಟು, ಬಿಸಿ ನಾಲ್ಕು ಪಟ್ಟು. ಇದು ಹೊಸ ತಾಮ್ರದ ಲೆಕ್ಕ. ಐವತ್ತು ವರ್ಷ ಹಳೆಯ, ಬಟ್ಟೆಯ ಹೊದಿಕೆ ಪುಡಿಯಾದ, ತುದಿಗೆ ಒತ್ತಿದ ಲೋಹದ ಥಿಂಬಲ್ಲಿನ ಬುಡದಲ್ಲಿ ಹಸಿರು ಕಿಲುಬು ಹಿಡಿದ ವೈರಿನ ಲೆಕ್ಕ ಬೇರೆ; ಬಿಸಿಯೆಲ್ಲ ಆ ಥಿಂಬಲ್ಲಿನಲ್ಲೇ ಬಂದು ಕೂರುತ್ತದೆ. ಜೊತೆಗೆ ಡ್ಯಾಶ್‌ಬೋರ್ಡಿನ ಅಮೀಟರ್ ಒಂದಿದೆ. ಅದರ ಮುಳ್ಳು 30ಕ್ಕೆ ಮುಗಿಯುವಂಥದ್ದಾದರೆ ಪೂರ್ತಿ ಕರೆಂಟನ್ನು ಅದರ ಮೂಲಕ ಹಾಯಿಸುವುದು ಮೊಣಕಾಲ ಹತ್ತಿರ ಒಲೆ ಇಟ್ಟುಕೊಂಡಂತೆ.

ರೆಗ್ಯುಲೇಟರಿನ ಕಥೆ ಇನ್ನೂ ಸೂಕ್ಷ್ಮ, ದುಡ್ಡು ಸದ್ದಿಲ್ಲದೆ ಸೋರುವುದು ಇಲ್ಲೇ. ಆಲ್ಟರ್ನೇಟರಿನ ಹೊಟ್ಟೆಯೊಳಗಿನ ರೆಗ್ಯುಲೇಟರ್ ತನ್ನ ಟರ್ಮಿನಲ್ಲಿನಲ್ಲಿ 14.2 ವೋಲ್ಟ್ ಕಂಡರೆ ತೃಪ್ತ. ಮೇಲಿನ ಅದೇ ಸಣ್ಣ ವೈರಿನಲ್ಲಿ 40 ಆಂಪಿಯರಿಗೆ ಅರ್ಧ ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತದೆ, ಬ್ಯಾಟರಿಗೆ ತಲುಪುವುದು 13.6ರ ಸುಮಾರು. ಹೀಗೆ ಅರೆಹೊಟ್ಟೆಯಲ್ಲಿ ಉಳಿದ ಲೆಡ್-ಆಸಿಡ್ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತಾ ಬಂದು ಅದರ ಆಯುಸ್ಸು ಕರಗುತ್ತದೆ. ಐದು ಸಾವಿರದ ಬ್ಯಾಟರಿ ನಾಲ್ಕು ವರ್ಷದ ಬದಲು ಎರಡೇ ವರ್ಷ ಬಾಳಿತು ಎಂದಿಟ್ಟುಕೊಳ್ಳಿ, ವರ್ಷಕ್ಕೆ ಸಾವಿರದ ಇನ್ನೂರೈವತ್ತು ರೂಪಾಯಿ ಹೆಚ್ಚುವರಿ ದಂಡ. 6 ಚದರ ಮಿಲಿಮೀಟರಿನ ಎರಡು ಮೀಟರ್ ಒಳ್ಳೆ ವೈರು, ಗಟ್ಟಿಯಾಗಿ ಒತ್ತಿದ ಥಿಂಬಲ್, ಬ್ಯಾಟರಿಯ ಪಕ್ಕದಲ್ಲೇ ವೈರಿನ ದಪ್ಪಕ್ಕೆ ಹೊಂದುವ ಫ್ಯೂಸು, ಎಂಜಿನ್ನಿನಿಂದ ಬಾಡಿಗೆ ಹೊಸ ಅರ್ಥಿಂಗ್ ಪಟ್ಟಿ, ಇವೆಲ್ಲದರ ಬಿಲ್ಲನ್ನು ಆ ದಂಡದ ಪಕ್ಕದಲ್ಲಿಟ್ಟು ನೋಡಿ. ಬ್ಯಾಟರಿಯ ವೋಲ್ಟೇಜನ್ನೇ ನೇರವಾಗಿ ಓದಲು ರೆಗ್ಯುಲೇಟರಿಗೊಂದು ತೆಳು ವೈರು ಎಳೆದರೆ ಸಾಲದೇ ಎನ್ನುವವರಿದ್ದಾರೆ. ಅದರಿಂದ ವೋಲ್ಟೇಜ್ ಸರಿಹೋಗುತ್ತದೆ, ಆದರೆ ಮುಖ್ಯ ವೈರಿನ ಬಿಸಿ ಇಳಿಯುವುದಿಲ್ಲ. ಚಾರ್ಜಿಂಗ್ ದೀಪವನ್ನೂ ಕಡೆಗಣಿಸಬೇಡಿ. ಅನೇಕ ಆಲ್ಟರ್ನೇಟರುಗಳಿಗೆ ಎಚ್ಚರವಾಗಲು ಬೇಕಾದ ಮೊದಲ ಕರೆಂಟು ಹರಿಯುವುದೇ ಆ ಎರಡು ವ್ಯಾಟಿನ ಪುಟ್ಟ ಬಲ್ಬಿನ ಮೂಲಕ. ಚೆಂದಕ್ಕೆಂದು ಅಲ್ಲಿ ಎಲ್‌ಇಡಿ ಸಿಕ್ಕಿಸಿದರೆ, ಹೊಸ ಆಲ್ಟರ್ನೇಟರ್ ಎಂಜಿನ್ ರೇಸ್ ಮಾಡುವ ತನಕ ಏಳದೇ ಹೋಗಬಹುದು.

ಕಾರಿನ ಮೂಲರೂಪ ಕೆಟ್ಟು ಬೆಲೆ ಬೀಳುತ್ತದೆ ಎಂಬ ಆತಂಕ ನ್ಯಾಯವಾದದ್ದು. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಶುಲ್ಕ 20,000 ರೂಪಾಯಿ. ಕಾರು ಮೂಲರೂಪದಲ್ಲೇ ಇರಬೇಕೆಂಬುದು ಅಲ್ಲಿನ ಷರತ್ತು. ಆದ್ದರಿಂದ ಹಳೆ ಡೈನಮೊ, ಕಟೌಟ್, ಬ್ರಾಕೆಟ್ ಯಾವುದನ್ನೂ ಗುಜರಿಗೆ ಹಾಕಬೇಡಿ, ಎಣ್ಣೆ ಸವರಿ ಎತ್ತಿಡಿ. ಹಳೆ ವೈರನ್ನು ಕತ್ತರಿಸದೆ, ಹೊಸದನ್ನು ಪಕ್ಕದಲ್ಲೇ ಬೇರೆಯಾಗಿ ಎಳೆಸಿ. ಬೇಕೆಂದಾಗ ಮೊದಲಿನಂತೆ ಮಾಡಲು ಅರ್ಧ ದಿನ ಸಾಕು. ನಿಮ್ಮ ಕಾರು ಭಾನುವಾರ ಬೆಳಗಿನ ತಿಂಡಿಗೆ ಹೋಗಿಬರುವುದಕ್ಕಷ್ಟೇ ಹೊರಬರುವುದಾದರೆ ಈ ಖರ್ಚೇ ಬೇಡ, ಡೈನಮೊಗೆ ಹೊಸ ಕಾರ್ಬನ್ ಬ್ರಷ್, ಹೊಸ ಫ್ಯಾನ್‌ಬೆಲ್ಟ್ ಹಾಕಿಸಿ ಸುಮ್ಮನಿರಿ. ಇಂಗ್ಲೆಂಡಿನ ಕೆಲವು ಹಳೆ ಕಾರುಗಳಂತೆ ನಿಮ್ಮದು ಪಾಸಿಟಿವ್ ಅರ್ಥಿನದಾಗಿದ್ದರೆ ಅದನ್ನು ಬದಲಿಸದೆ ಮಾಮೂಲಿ ಆಲ್ಟರ್ನೇಟರ್ ಜೋಡಿಸಬೇಡಿ, ಡಯೋಡುಗಳು ಆ ಕ್ಷಣವೇ ಸುಡುತ್ತವೆ. ಕೆಲಸ ಮಾಡಿಸಿಯೇ ಬಿಟ್ಟಿರಾದರೆ, ಬಿಲ್ಲು ಕೊಡುವ ಮುನ್ನ ಎಂಜಿನ್ ಓಡಿಸಿ, ಹೆಡ್‌ಲೈಟ್ ಹಾಕಿಸಿ, ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರಿನ ಟರ್ಮಿನಲ್ಲಿಗೂ ಇನ್ನೊಂದು ಬ್ಯಾಟರಿಯ ಪ್ಲಸ್ಸಿಗೂ ಇಡಿಸಿ. ಕಾಲು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಪೂರ್ತಿ ಹಣ ಕೊಡಬೇಡಿ.