ಭತ್ತದ ಫೋಟೊ ಗ್ರೂಪಿಗೆ ಹಾಕುವ ಮುಂಚೆ ಗದ್ದೆಯಲ್ಲೇ ಮಾಡಬೇಕಾದ ಕೆಲಸ

ನಮ್ಮ ವಡಗೇರಾ ಭಾಗದಲ್ಲಿ ನಾರಾಯಣಪುರ ಎಡದಂಡೆ ಕಾಲುವೆ ನೀರು ಹರಿದ ಕಡೆ ಭತ್ತ ಇದೆ, ಭತ್ತ ಇರುವ ಕಡೆ ವಾಟ್ಸಾಪ್ ಗ್ರೂಪ್ ಇದೆ. ನಾಟಿಯಾಗಿ ತಿಂಗಳು ಕಳೆಯಿತೆಂದರೆ ನಾನಿರುವ ಗ್ರೂಪಿಗೆ ಒಣಗಿದ ಎಲೆಯ ಫೋಟೊಗಳು ಶುರು: "ಏನ್ ಎಣ್ಣಿ ಹೊಡೀಬೇಕ್ರಿ?" ಹತ್ತು ನಿಮಿಷದಾಗ ಐದು ಔಷಧಿ ಹೆಸರು ಬರ್ತಾವ. ತಪ್ಪು ಔಷಧಿ ಹೊಡೆದರೆ ದುಡ್ಡು, ಕೂಲಿ ಹೋಗುವುದಷ್ಟೇ ಅಲ್ಲ, ರೋಗ ಹಬ್ಬಲು ಇನ್ನೊಂದು ವಾರ ಸಿಗುತ್ತದೆ.

ಮೊದಲು ಗುರುತು ಹಿಡಿಯಿರಿ

1. ಬೆಂಕಿ ರೋಗ: ಎಲೆ ಮೇಲೆ ಕದಿರಿನ ಆಕಾರದ ಚುಕ್ಕೆ, ನಡುವೆ ಬೂದಿ ಬಣ್ಣ, ಅಂಚು ಕಂದು. ಸೋನಾ ಮಸೂರಿಗೆ (ಬಿಪಿಟಿ 5204) ಇದು ಬೇಗ ತಗಲುತ್ತದೆ. ಇದು ಶಿಲೀಂಧ್ರ ರೋಗ, ಟ್ರೈಸೈಕ್ಲಜೋಲ್ ಶೇ. 75 ಪುಡಿ ಲೀಟರ್ ನೀರಿಗೆ 0.6 ಗ್ರಾಂ ಶಿಫಾರಸು ಇದೆ.

2. ದುಂಡಾಣು ಅಂಗಮಾರಿ: ಎಲೆ ತುದಿಯಿಂದ ಅಂಚಿನುದ್ದಕ್ಕೂ ಹಳದಿಯಾಗಿ ಒಣಗುತ್ತದೆ. ಎಲೆ ಕತ್ತರಿಸಿ ತಿಳಿ ನೀರಿನ ಗ್ಲಾಸಿನಲ್ಲಿ ಇಡಿ. ಕತ್ತರಿಸಿದ ಕಡೆಯಿಂದ ಹಾಲಿನಂಥ ದ್ರವ ಇಳಿದರೆ ಇದೇ. ಬೆಂಕಿ ರೋಗದ ಔಷಧಿ ಇದಕ್ಕೆ ನಾಟುವುದಿಲ್ಲ. ಯೂರಿಯಾ ಮೇಲುಗೊಬ್ಬರ ನಿಲ್ಲಿಸಿ.

3. ಕಂದು ಜಿಗಿಹುಳು: ಗದ್ದೆಯಲ್ಲಿ ದುಂಡಗೆ ಸುಟ್ಟಂತೆ ಕಾಣುತ್ತದೆ. ಹುಳು ಇರುವುದು ಬುಡದಲ್ಲಿ, ನೀರಿನ ಮಟ್ಟದ ಮೇಲೆ. ನೀರು ಬಸಿದು, ಔಷಧಿ ಬುಡಕ್ಕೇ ತಾಗುವಂತೆ ಹೊಡೆಯಬೇಕು. ಸೈಪರ್‌ಮೆಥ್ರಿನ್‌ನಂಥವು ಜೇಡ ಮುಂತಾದ ಮಿತ್ರಜೀವಿಗಳನ್ನು ಕೊಲ್ಲುವುದರಿಂದ ಜಿಗಿಹುಳು ಇನ್ನೂ ಹೆಚ್ಚುತ್ತದೆ.

ಫೋಟೊ ಹೀಗೆ ತೆಗೆಯಿರಿ

ಒಂದೇ ಎಲೆಯ ಫೋಟೊ ನೋಡಿ ಯಾವ ವಿಜ್ಞಾನಿಯೂ ಖಚಿತವಾಗಿ ಹೇಳಲಾರರು. ಮೂರು ಫೋಟೊ ಬೇಕು: ಎಲೆ ಹತ್ತಿರದಿಂದ, ದಂಟಿನ ಬುಡ, ಇಡೀ ಗದ್ದೆ. ಜೊತೆಗೆ ತಳಿ, ನಾಟಿ ದಿನಾಂಕ, ಈವರೆಗೆ ಹಾಕಿದ ಗೊಬ್ಬರ, ಹೊಡೆದ ಎಣ್ಣಿ ಬರೆಯಿರಿ.

ಯಾರನ್ನು ಕೇಳಬೇಕು?

ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರ, ಭೀಮರಾಯನಗುಡಿ ಕೃಷಿ ಮಹಾವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇವೆ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. ಹೊಡೆಯುವ ಮುಂಚೆ ಮೇಘದೂತ ಆ್ಯಪ್‌ನಲ್ಲಿ ಮಳೆ ನೋಡಿ. ಮಂಗಳವಾರ, ಶುಕ್ರವಾರ ಅದರಲ್ಲಿ ಹೊಸ ಸಲಹೆ ಬರುತ್ತದೆ.

ಯೂಟ್ಯೂಬ್ ಬೇಡ ಅಂತ ನಾನು ಹೇಳೋದಿಲ್ಲ. ಕೂರಿಗೆ ಬಿತ್ತನೆ, ಯಂತ್ರದ ನಾಟಿಯಂಥ ಕೆಲಸ ಕಣ್ಣಾರೆ ಕಂಡೇ ಕಲಿಯಬೇಕು. ಆದರೆ ಮೂರು ವಿಷಯ ನೋಡಿಕೊಳ್ಳಿ: ವಿಡಿಯೊ ಯಾವ ಊರಿಂದು, ಯಾವ ಹಂಗಾಮಿಂದು, ಮಾತಾಡುವವರು ಏನಾದರೂ ಮಾರ್ತಾರೇನು?

ಕೊನೆಗೆ, ಎಣ್ಣಿ ಹೊಡೆದ ವಾರದ ನಂತರ ಅದೇ ಜಾಗದ ಫೋಟೊ ಮತ್ತೆ ಗ್ರೂಪಿಗೆ ಹಾಕಿ. ವಾಸಿಯಾಗದಿದ್ದರೂ ಹಾಕಿ. ಮುಂದಿನ ಹಂಗಾಮಿಗೆ ಊರಿನವರಿಗೆಲ್ಲ ಅದೇ ಪಾಠವಾಗುತ್ತದೆ.