ಕಡಲಿನ ತೈಲ ಸೋರಿಕೆ: ಜಲಚರಗಳು, ಮೀನುಗಾರಿಕೆ ಮತ್ತು ಗ್ರಾಮ ಪಂಚಾಯತಿಯ ದಾಖಲೆ



2006ರ ಮೇ 30ರಂದು ಕಾರವಾರದ ಸಮೀಪ ‘ಓಷನ್ ಸೆರಾಯಾ’ ಎಂಬ ಸರಕು ಹಡಗು ಬಂಡೆಗೆ ಸಿಲುಕಿ, ಅದರಲ್ಲಿದ್ದ ತೈಲವು ಸಮುದ್ರಕ್ಕೆ ಸೋರಿತು. ಅದು ತೈಲ ಸಾಗಿಸುವ ಹಡಗಾಗಿರಲಿಲ್ಲ. ಸೋರಿದ್ದು ತನ್ನ ಯಂತ್ರ ನಡೆಸಲು ಅದು ತುಂಬಿಕೊಂಡಿದ್ದ ಇಂಧನ. ಆದ್ದರಿಂದ ತೈಲ ಬಂದರು ಇಲ್ಲದ ಊರಿಗೆ ಈ ಅಪಾಯವಿಲ್ಲವೆಂದು ಭಾವಿಸುವುದು ಸರಿಯಲ್ಲ. ಹಡಗುಗಳು ಹಾದುಹೋಗುವ ಪ್ರತಿಯೊಂದು ತೀರಕ್ಕೂ ಈ ಅಪಾಯವಿದೆ. ತೈಲ ಸೋರಿಕೆಯಿಂದ ಜಲಚರಗಳಿಗೂ ಮೀನುಗಾರಿಕೆಗೂ ಆಗುವ ಹಾನಿ ಯಾವುದು, ಆ ಹಾನಿಯನ್ನು ಲೆಕ್ಕಕ್ಕೆ ತರುವಲ್ಲಿ ಗ್ರಾಮ ಪಂಚಾಯತಿಯ ಪಾತ್ರವೇನು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

1. ನೀರಿನ ಮೇಲೆ ತೈಲದ ನಡೆ

ತೈಲವು ನೀರಿಗಿಂತ ಹಗುರವಾದುದರಿಂದ ಮೇಲೆ ತೇಲಿ ವೇಗವಾಗಿ ಹರಡುತ್ತದೆ. ಮೇಲ್ಮೈಯ ತೈಲಪೊರೆಯು ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ದಪ್ಪವಿದೆ ಎಂದು ಹಿಡಿದರೆ, ಕೇವಲ 1 ಲೀಟರ್ ತೈಲವು 1,000 ಚದರ ಮೀಟರ್, ಅಂದರೆ ಸುಮಾರು 10 ಗುಂಟೆ ನೀರನ್ನು ಆವರಿಸುತ್ತದೆ.

ತೈಲದ ಹಗುರ ಅಂಶಗಳು ಮೊದಲ ಒಂದೆರಡು ದಿನಗಳಲ್ಲಿ ಆವಿಯಾಗುತ್ತವೆ. ಉಳಿದ ಭಾರವಾದ ಅಂಶವು ಅಲೆಗಳ ಹೊಡೆತಕ್ಕೆ ನೀರನ್ನು ಹೀರಿಕೊಂಡು ಕಂದುಬಣ್ಣದ ಮಂದವಾದ ಪಾಕವಾಗುತ್ತದೆ. ಆಗ ಅದರ ಗಾತ್ರವು ಸೋರಿದ ತೈಲದ ಮೂರು ನಾಲ್ಕು ಪಟ್ಟು ಹಿಗ್ಗಬಹುದು. ಕಾಲಕ್ರಮೇಣ ಅದು ಡಾಂಬರು ಉಂಡೆಗಳಾಗಿ ದಡ ಸೇರುತ್ತದೆ, ಇಲ್ಲವೇ ಮರಳಿನಡಿ ಹೂತುಹೋಗುತ್ತದೆ. ಮೇಲ್ಮೈ ತಿಳಿಯಾಗಿ ಕಂಡ ಮಾತ್ರಕ್ಕೆ ತೈಲ ಇಲ್ಲವಾಯಿತು ಎಂದರ್ಥವಲ್ಲ.

2. ಜಲಚರಗಳ ಮೇಲಿನ ಪರಿಣಾಮ

ಪಕ್ಷಿಗಳ ಗರಿಗೆ ತೈಲ ಮೆತ್ತಿಕೊಂಡರೆ ಅವು ಮೈಯ ಬಿಸಿಯನ್ನೂ ತೇಲುವ ಶಕ್ತಿಯನ್ನೂ ಕಳೆದುಕೊಳ್ಳುತ್ತವೆ. ಉಸಿರಾಟಕ್ಕಾಗಿ ಮೇಲಕ್ಕೆ ಬರುವ ಕಡಲಾಮೆಗಳು ತೈಲವನ್ನೂ ಅದರ ಆವಿಯನ್ನೂ ಒಳಗೆಳೆದುಕೊಳ್ಳುತ್ತವೆ. ಬೆಳೆದ ಮೀನುಗಳು ಬಹುಮಟ್ಟಿಗೆ ಈಜಿ ದೂರ ಸರಿಯಬಲ್ಲವು. ಮೊಟ್ಟೆಗಳಿಗೂ ಮರಿಗಳಿಗೂ ಅದು ಸಾಧ್ಯವಿಲ್ಲ. ತೈಲದ ಕೆಲವು ರಾಸಾಯನಿಕಗಳು ನೀರಿನಲ್ಲಿ ನೂರು ಕೋಟಿ ಪಾಲಿಗೆ ಕೆಲವೇ ಪಾಲುಗಳಷ್ಟಿದ್ದರೂ ಮೀನಿನ ಭ್ರೂಣದ ಹೃದಯದ ಬೆಳವಣಿಗೆ ಕೆಡುತ್ತದೆ ಎಂಬುದು ಸಂಶೋಧನೆಗಳಿಂದ ತಿಳಿದುಬಂದಿದೆ. ಹೀಗೆ ಈ ವರ್ಷ ಸತ್ತ ಮರಿಗಳ ಕೊರತೆಯು ಮುಂದಿನ ವರ್ಷಗಳ ಬಲೆಯಲ್ಲಿ ಕಾಣಿಸಬಹುದು.

ನಮ್ಮ ಅಳಿವೆಗಳಿಗೆ ಸಂಬಂಧಿಸಿದ ಮುಖ್ಯ ಅಂಶವೆಂದರೆ ಚಿಪ್ಪುಜೀವಿಗಳು. ಮೀನಿನ ಯಕೃತ್ತು ತೈಲದ ಅನೇಕ ಅಂಶಗಳನ್ನು ವಿಘಟಿಸಿ ಹೊರಹಾಕುತ್ತದೆ. ಬಳಚು, ಕಲ್ವ ಮೊದಲಾದವು ನೀರನ್ನು ಸೋಸಿ ಆಹಾರ ಪಡೆಯುತ್ತವೆ. ಆದರೆ ಈ ವಿಘಟನೆಯ ಸಾಮರ್ಥ್ಯ ಅವುಗಳಲ್ಲಿ ತೀರ ಕಡಿಮೆ. ಹಾಗಾಗಿ ವಿಷಾಂಶವು ಅವುಗಳ ಮಾಂಸದಲ್ಲಿ ಶೇಖರವಾಗುತ್ತದೆ. ಕಾಂಡ್ಲಾ ಗಿಡಗಳ ಉಸಿರುಬೇರುಗಳಿಗೆ ತೈಲ ಮೆತ್ತಿದರೆ ಗಿಡವೂ ಸಾಯುತ್ತದೆ, ಅದರಡಿ ಬೆಳೆಯುವ ಸಿಗಡಿ ಮತ್ತು ಏಡಿಮರಿಗಳ ಆಸರೆಯೂ ತಪ್ಪುತ್ತದೆ.

ಹಾನಿ ಎಷ್ಟು ಕಾಲ ಉಳಿಯಬಹುದು ಎಂಬುದಕ್ಕೆ ಅಮೆರಿಕದ ಅಲಾಸ್ಕಾ ಒಂದು ನಿದರ್ಶನ. ಅಲ್ಲಿ 1989ರ ಮಾರ್ಚ್ 24ರಂದು ‘ಎಕ್ಸಾನ್ ವಾಲ್ಡೀಸ್’ ಹಡಗಿನಿಂದ ಸುಮಾರು 37,000 ಟನ್ ಕಚ್ಚಾತೈಲ ಸೋರಿತು. ದಶಕಗಳ ನಂತರವೂ ಕಲ್ಲುತೀರದ ಅಡಿಯಲ್ಲಿ ತೈಲ ಸಿಕ್ಕಿದೆ. 1993ರಲ್ಲಿ ಅಲ್ಲಿನ ಹೆರಿಂಗ್ ಮೀನಿನ ಸಂತತಿ ಕುಸಿಯಿತು. ಇದರಲ್ಲಿ ತೈಲದ ಪಾಲೆಷ್ಟು, ರೋಗ ಮತ್ತಿತರ ಕಾರಣಗಳ ಪಾಲೆಷ್ಟು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. ಹಾನಿಯ ಕಾರಣವನ್ನು ಸ್ಥಾಪಿಸುವುದು ಎಷ್ಟು ಕಠಿಣ ಎಂಬುದನ್ನೂ ಇದು ತೋರಿಸುತ್ತದೆ.

3. ಮೀನುಗಾರಿಕೆಗೆ ಮೂರು ಬಗೆಯ ನಷ್ಟ

ಮೊದಲನೆಯದು ದುಡಿಮೆಯ ದಿನಗಳ ನಷ್ಟ. ತೈಲವಿರುವ ನೀರಿಗೆ ದೋಣಿ ಇಳಿಸಲಾಗದು. ಎರಡನೆಯದು ಸಲಕರಣೆಯ ನಷ್ಟ. ತೈಲ ಮೆತ್ತಿದ ಬಲೆಯನ್ನು ಬಹುತೇಕ ಎಸೆಯಬೇಕಾಗುತ್ತದೆ. ಮೂರನೆಯದು ಮಾರುಕಟ್ಟೆಯ ನಷ್ಟ. ಇದು ತೈಲ ತಲುಪದ ಊರುಗಳಿಗೂ ತಲುಪುತ್ತದೆ.

2025ರ ಮೇ 25ರಂದು ಕೊಚ್ಚಿಯ ಆಚೆ ‘ಎಂಎಸ್‌ಸಿ ಎಲ್ಸಾ 3’ ಎಂಬ ಕಂಟೇನರ್ ಹಡಗು ಮುಳುಗಿತು. ಅದರಲ್ಲಿ 640 ಕಂಟೇನರುಗಳೂ ಸುಮಾರು 367 ಟನ್ ಫರ್ನೇಸ್ ಆಯಿಲ್ ಮತ್ತು 84 ಟನ್ ಡೀಸೆಲ್ ಇದ್ದವು. ಕೇರಳ ಸರ್ಕಾರವು ಇದನ್ನು ರಾಜ್ಯ ವಿಪತ್ತು ಎಂದು ಘೋಷಿಸಿತು. ಹಡಗು ಮುಳುಗಿದ ಸ್ಥಳದ ಸುತ್ತ 20 ನಾಟಿಕಲ್ ಮೈಲಿಯೊಳಗೆ ಮೀನುಗಾರಿಕೆಯನ್ನು ನಿಷೇಧಿಸಲಾಯಿತು. ಗ್ರಾಹಕರ ಭಯದಿಂದ ಮೀನಿನ ಮಾರಾಟ ಇಳಿದು, ಮೀನು ತಿನ್ನಲು ಸುರಕ್ಷಿತವೆಂದು ಸರ್ಕಾರವೇ ಹೇಳಬೇಕಾಯಿತು. ಇಂಥ ಸಂದರ್ಭದಲ್ಲಿ ಬುಟ್ಟಿ ಹೊತ್ತು ಮೀನು ಮಾರುವ ಮಹಿಳೆ, ಒಣಮೀನು ಮಾಡುವವರು, ಐಸ್ ಪ್ಲಾಂಟಿನ ಕೂಲಿಕಾರ ಎಲ್ಲರ ಆದಾಯವೂ ನಿಲ್ಲುತ್ತದೆ.

4. ಪರಿಹಾರ ಮತ್ತು ದಾಖಲೆ

2023ರ ಡಿಸೆಂಬರಿನಲ್ಲಿ ಚಂಡಮಾರುತದ ಪ್ರವಾಹದೊಂದಿಗೆ ಚೆನ್ನೈ ಬಳಿಯ ಎಣ್ಣೂರು ಹಿನ್ನೀರಿಗೆ ತೈಲ ಸೇರಿತು. ತಮಿಳುನಾಡು ಸರ್ಕಾರವು ಬಾಧಿತ ಮೀನುಗಾರ ಕುಟುಂಬಗಳಿಗೆ ತಲಾ 12,500 ರೂ. ಹಾಗೂ ಹಾನಿಗೊಂಡ ದೋಣಿಗಳಿಗೆ ತಲಾ 10,000 ರೂ. ನೆರವು ನೀಡಿತು. ಇಂತಹ ನೆರವು ಪಟ್ಟಿಯ ಆಧಾರದಲ್ಲಿ ಹಂಚಿಕೆಯಾಗುವುದರಿಂದ, ಪಟ್ಟಿಯಲ್ಲಿ ಹೆಸರಿಲ್ಲದವರು ಹೊರಗುಳಿಯುತ್ತಾರೆ.

ತೈಲ ಸಾಗಿಸುವ ಟ್ಯಾಂಕರ್ ಹಡಗುಗಳಿಂದಾದ ನಷ್ಟಕ್ಕೆ 1992ರ ಅಂತರರಾಷ್ಟ್ರೀಯ ಒಪ್ಪಂದಗಳಡಿ ಹಡಗಿನ ಮಾಲೀಕರಿಂದಲೂ, ಅದು ಸಾಲದಿದ್ದರೆ ಪರಿಹಾರ ನಿಧಿಯಿಂದಲೂ ಹಣ ಕೋರಬಹುದು. ಭಾರತವು ಇವುಗಳ ಸದಸ್ಯ ರಾಷ್ಟ್ರ. ನಷ್ಟವಾದ ದಿನದಿಂದ 3 ವರ್ಷಗಳೊಳಗೆ ಹಕ್ಕು ಸಾಧಿಸಬೇಕು. ಸಾಮಾನ್ಯ ಸರಕು ಹಡಗಿನ ಇಂಧನ ಸೋರಿದರೆ ಈ ನಿಧಿ ಅನ್ವಯಿಸದು. ‘ಎಲ್ಸಾ’ ಪ್ರಕರಣದಲ್ಲಿ ಕೇರಳ ಸರ್ಕಾರವು 9,531 ಕೋಟಿ ರೂ. ಕೋರಿ ಹೈಕೋರ್ಟಿನಲ್ಲಿ ದಾವೆ ಹೂಡಿದೆ. ಮಾರ್ಗ ಯಾವುದಾದರೂ ಕೇಳಲಾಗುವ ಪ್ರಶ್ನೆ ಒಂದೇ: ಸೋರಿಕೆಗೆ ಮೊದಲು ನಿಮ್ಮ ಆದಾಯ ಎಷ್ಟಿತ್ತು?

ಯಾಂತ್ರಿಕ ದೋಣಿಯ ಮಾಲೀಕರ ಬಳಿ ನೋಂದಣಿಯೂ ಡೀಸೆಲ್ ಲೆಕ್ಕವೂ ಇರುತ್ತದೆ. ಇಳಿತದ ವೇಳೆ ಅಳಿವೆಯಲ್ಲಿ ಬಳಚು ಆಯುವ ಮಹಿಳೆಯ ಬಳಿ ಯಾವ ಕಾಗದವೂ ಇರುವುದಿಲ್ಲ. ತೈಲದಿಂದ ಹೆಚ್ಚು ಕಾಲ ಕೆಲಸ ಕಳೆದುಕೊಳ್ಳುವವಳು ಅವಳೇ, ಸಾಕ್ಷ್ಯವಿಲ್ಲದವಳೂ ಅವಳೇ. ಈ ಕೊರತೆಯನ್ನು ನೀಗಿಸಬಲ್ಲ ಅತ್ಯಂತ ಸಮೀಪದ ಸಂಸ್ಥೆ ಗ್ರಾಮ ಪಂಚಾಯತಿ.

5. ಗ್ರಾಮ ಪಂಚಾಯತಿ ಕೈಗೊಳ್ಳಬಹುದಾದ ಕ್ರಮಗಳು

ಘಟನೆಗೆ ಮೊದಲು:
(ಅ) ವಾರ್ಡುವಾರು ಮೀನುಗಾರಿಕೆ ಅವಲಂಬಿತರ ಪಟ್ಟಿ ಸಿದ್ಧಪಡಿಸುವುದು. ನಾಡದೋಣಿ, ಬಲೆ, ಚಿಪ್ಪು ಆಯುವಿಕೆ, ಒಣಮೀನು, ಮಾರಾಟ ಇವೆಲ್ಲವನ್ನೂ ಸೇರಿಸಿ, ಮಹಿಳೆಯರ ಹೆಸರನ್ನು ಪ್ರತ್ಯೇಕವಾಗಿ ನಮೂದಿಸುವುದು.
(ಆ) ವಾರಕ್ಕೊಮ್ಮೆ ನಿಗದಿತ ದಿನದಂದು ದಡದಲ್ಲಿ ಸಿಕ್ಕ ಮೀನು, ಚಿಪ್ಪಿನ ಜಾತಿ, ಪ್ರಮಾಣ ಮತ್ತು ದರವನ್ನು ವಹಿಯಲ್ಲಿ ಬರೆದಿಡುವುದು.
(ಇ) ಚಿಪ್ಪಿನ ನೆಲೆ, ಮರಿಮೀನಿನ ತಾಣ, ಆಮೆ ಮೊಟ್ಟೆಯಿಡುವ ತೀರಗಳನ್ನು ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೂಲಕ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸುವುದು.

ಘಟನೆಯ ವೇಳೆ:
(ಅ) ತೈಲ ಕಂಡೊಡನೆ ಭಾರತೀಯ ತಟರಕ್ಷಣಾ ಪಡೆಯ 1554 ಸಂಖ್ಯೆಗೂ ಜಿಲ್ಲಾಡಳಿತಕ್ಕೂ ತಿಳಿಸುವುದು. ಸಮುದ್ರದಲ್ಲಿನ ತೈಲ ನಿಯಂತ್ರಣದ ಸಮನ್ವಯ ಹೊಣೆ ತಟರಕ್ಷಣಾ ಪಡೆಯದು.
(ಆ) ದಿನಾಂಕ, ಸ್ಥಳ ತಿಳಿಯುವಂತೆ ಛಾಯಾಚಿತ್ರ ತೆಗೆದು ಪಂಚನಾಮೆ ಬರೆಯಿಸುವುದು.
(ಇ) ಬರಿಗೈಯಲ್ಲಿ ತೈಲ ಎತ್ತಲು ಯಾರನ್ನೂ ಇಳಿಸದಿರುವುದು. 2017ರ ಜನವರಿಯಲ್ಲಿ ಎಣ್ಣೂರಿನಲ್ಲಿ ಎರಡು ಹಡಗುಗಳು ಡಿಕ್ಕಿಯಾಗಿ ತೈಲ ದಡ ಸೇರಿದಾಗ ಜನರು ಬಕೆಟ್‌ಗಳಲ್ಲಿ ಅದನ್ನು ತುಂಬಿ ತೆಗೆಯಬೇಕಾಯಿತು. ಕೈಗವಸು, ಬೂಟು, ಮುಖಗವಸು ಇಲ್ಲದೆ ಈ ಕೆಲಸ ಮಾಡಿಸಬಾರದು.
(ಈ) ಸೋಪಿನ ಪುಡಿ ಅಥವಾ ರಾಸಾಯನಿಕ ಸುರಿಯಲು ಬಿಡದಿರುವುದು. ಅದರಿಂದ ತೈಲ ನಾಶವಾಗದು. ಹನಿಹನಿಯಾಗಿ ಒಡೆದು ನೀರಿನೊಳಗೆ, ಚಿಪ್ಪುಜೀವಿಗಳ ಬಳಿಗೇ ಸೇರುತ್ತದೆ.

ಘಟನೆಯ ನಂತರ:
(ಅ) ಅದೇ ವಹಿಯನ್ನು ಕನಿಷ್ಠ 3 ವರ್ಷ ಮುಂದುವರಿಸುವುದು.
(ಆ) ಚಿಪ್ಪು ಆಯುವಿಕೆಯನ್ನು ಪುನರಾರಂಭಿಸುವ ಮುನ್ನ ಮೀನುಗಾರಿಕೆ ಇಲಾಖೆಯ ಮೂಲಕ ಮಾಂಸದ ಪರೀಕ್ಷೆ ಕೋರಿ, ವರದಿಯನ್ನು ಸೂಚನಾ ಫಲಕದಲ್ಲಿ ಪ್ರಕಟಿಸುವುದು. ಗ್ರಾಹಕರ ಭಯವನ್ನು ನಿವಾರಿಸಲು ಪರೀಕ್ಷಾ ವರದಿಗಿಂತ ಉತ್ತಮ ಸಾಧನವಿಲ್ಲ.

ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚೆಗೆ

1. ನಮ್ಮ ಪಂಚಾಯತಿ ವ್ಯಾಪ್ತಿಯಲ್ಲಿ ಚಿಪ್ಪು ಆಯ್ದು ಜೀವನ ನಡೆಸುವವರು ಎಷ್ಟು ಮಂದಿ? ಅವರ ಹೆಸರು ಯಾವ ದಾಖಲೆಯಲ್ಲಿದೆ?
2. ವಾರದ ವಹಿಯನ್ನು ಬರೆಯುವ ಹೊಣೆ ಯಾರಿಗೆ ವಹಿಸಬೇಕು?

ಹಡಗು ಯಾವಾಗ ಮುಳುಗುವುದೆಂದು ಯಾರೂ ಹೇಳಲಾರರು. ವಹಿಯನ್ನು ಮಾತ್ರ ಈ ವಾರವೇ ಆರಂಭಿಸಬಹುದು.