ಉಳಿದ ಗುಳಗಿ, ಇಳಿದ ಡೋಪಮೈನ್

ಡಬ್ಬಿಯಲ್ಲಿ ಉಳಿದ ಗುಳಗಿ ಎಣಿಸುವುದು ಎಚ್‌ಐವಿ ಆಪ್ತಸಮಾಲೋಚಕನ ಕೆಲಸಗಳಲ್ಲೊಂದು. ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಆ ಕೆಲಸ ಮಾಡುವಾಗ, ಹೆಚ್ಚು ಗುಳಗಿ ಉಳಿಸಿಕೊಂಡು ಬಂದವರನ್ನು ಮನೆಯವರೇ ಬೈಯುತ್ತಿದ್ದರು: "ಬೇಫಿಕರ್ ಮನಷ್ಯಾ ರೀ ಇಂವ." ಬೈಸಿಕೊಂಡವನು ಹೇಳುತ್ತಿದ್ದುದು ಬೇರೆ: "ತಗೊಂಡೀನೋ ಇಲ್ಲೋ ಅಂಬೋದೇ ನೆನಪ ಉಳಿಯಂಗಿಲ್ರಿ ಸರ್." ಆ ಮಾತನ್ನು ನಂಬಲು ನನಗೆ ಕಲಿಸಿದ್ದು ಮಂಗಗಳು.

ಮಂಗಗಳ ಎಸ್‌ಐವಿ ಎಂಬ ವೈರಸ್ಸು ನಮ್ಮ ಎಚ್‌ಐವಿಯ ದಾಯಾದಿ. ಮಿದುಳಿನಲ್ಲಿ ಅದು ನೆಲೆಯೂರುವುದು ಮುಖ್ಯವಾಗಿ ಮೈಕ್ರೋಗ್ಲಿಯಾ, ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳಲ್ಲಿ. ಆ ಕೋಶಗಳು ಸುರಿಸುವ ರಾಸಾಯನಿಕಗಳು, ವೈರಸ್ಸಿನ ಪ್ರೋಟೀನುಗಳು ಸುತ್ತಲಿನ ನರಕೋಶಗಳನ್ನು ಕೆಡಿಸುತ್ತವೆ. ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನ ಸಂಶೋಧಕರು ಸೋಂಕಿತ ರೀಸಸ್ ಮಂಗಗಳ ಮಿದುಳಿನಲ್ಲಿ ಡೋಪಮೈನ್ ಅಳೆದರು. ಚಲನೆಗೆ, ಗಮನಕ್ಕೆ, ಹುರುಪಿಗೆ ಬೇಕಾದ ಆ ರಾಸಾಯನಿಕ, ರೋಗಲಕ್ಷಣ ಕಾಣುವ ಮೊದಲೇ ಇಳಿದಿತ್ತು.

ಕಡಿಮೆಯಾದದ್ದನ್ನು ತುಂಬಿಕೊಟ್ಟರಾಯಿತಲ್ಲ? ಅವರೂ ಮಾಡಿ ನೋಡಿದರು. ಪಾರ್ಕಿನ್ಸನ್ ರೋಗಿಗಳಿಗೆ ಕೊಡುವ ಎಲ್‌-ಡೋಪಾ, ಸೆಲಿಜಿಲಿನ್ ಕೊಟ್ಟ ಮಂಗಗಳ ಮಿದುಳಿನಲ್ಲಿ ವೈರಸ್ಸೂ ಹೆಚ್ಚಿತು, ಹಾನಿಯೂ ಹೆಚ್ಚಿತು. "ನೆನಪಿಗೆ ಒಂದ್ ಟಾನಿಕ್ ಬರಸಿ ಕೊಡ್ರಿ" ಎಂದವರಿಗೆಲ್ಲ ನಾನು ಈ ಕಥೆ ಹೇಳುತ್ತಿದ್ದೆ.

ಭಾರತದಲ್ಲಿ ಹೆಚ್ಚಾಗಿರುವುದು ಎಚ್‌ಐವಿಯ ಸಿ ಉಪಬಗೆ. ಅದರ ಟ್ಯಾಟ್ ಪ್ರೋಟೀನಿನ ಒಂದು ಅಮೈನೋ ಆಮ್ಲ ಬದಲಾಗಿ, ಬಿಳಿರಕ್ತಕಣಗಳನ್ನು ಸೆಳೆಯುವ ಬಲ ಕುಂದಿದೆಯೆಂದು 2004ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಮತ್ತು ಸಂಗಡಿಗರು ತೋರಿಸಿದರು. ಹಾಗಾದರೆ ಅದು ಮಿದುಳನ್ನೂ ಕಡಿಮೆ ಕೆಡಿಸುತ್ತದೆಯೇ? 2008ರಲ್ಲಿ ನ್ಯೂಯಾರ್ಕಿನ ವಿನಾಯಕ ಪ್ರಸಾದರ ತಂಡ, ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳ ಮಿದುಳಿಗೆ ಸೋಂಕಿತ ಮಾನವ ಕೋಶ ಸೇರಿಸಿ ನೆನಪಿನ ಪರೀಕ್ಷೆ ಮಾಡಿತು. ಬಿ ಉಪಬಗೆಯ ವೈರಸ್ಸು ಸೇರಿದ ಇಲಿಗಳಿಗಿಂತ ಸಿ ಉಪಬಗೆಯದು ಸೇರಿದವು ಕಡಿಮೆ ತಪ್ಪಿದವು. ಹಾಗೆಂದು ನಿಶ್ಚಿಂತರಾಗುವಂತಿಲ್ಲ. ಚಿಕಿತ್ಸೆ ಶುರುವಾಗದ ಸಿ ಬಗೆಯ ಸೋಂಕಿತರನ್ನು ನಿಮ್ಹಾನ್ಸ್‌ನವರು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ನೆನಪು, ಗಮನಗಳ ಕೊರತೆ ಕಂಡಿತ್ತು. ಅದು ಪ್ರಕಟವಾದದ್ದು 2007ರಲ್ಲಿ. ಇಲಿ ಇಲಿಯೇ.

ಎಲ್ಲ ಮರೆವೂ ವೈರಸ್ಸಿನದಲ್ಲ, ಸೆರೆ, ನಿದ್ದೆಗೇಡು, ಖಿನ್ನತೆಯ ಪಾಲೂ ಇರುತ್ತದೆ. ಅದಕ್ಕೇ ಬೆರಳು ಬೇಗಬೇಗ ಬಡಿಸಿ, ನಾಲ್ಕು ಪದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳುವ ಪುಟ್ಟ ಪರೀಕ್ಷೆ ಮಾಡಿ, ಎಡವಿದವರನ್ನು ಹೆಚ್ಚಿನ ತಪಾಸಣೆಗೆ ಕಲಬುರಗಿಗೆ ಕಳಿಸುತ್ತಿದ್ದೆ. ಟಾನಿಕ್ಕಿನ ಬದಲು ನಾವು ಕೊಡಬಹುದಾದದ್ದು ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಗುಳಗಿಯೇ, ತಪ್ಪದಂತೆ. ರಾತ್ರಿ ರೊಟ್ಟಿ ಉಂಡ ಕೂಡಲೇ ನುಂಗುವುದು, ಕ್ಯಾಲೆಂಡರಿನಲ್ಲಿ ಗೆರೆ ಎಳೆಯುವುದು. ಓದು ಬಾರದವರಿಗೂ ಗೆರೆ ಸಾಕು. ತೊಗರಿ ರಾಶಿಯ ದಿನಗಳಲ್ಲಿ ಊಟದ ಹೊತ್ತೇ ತಪ್ಪುತ್ತದೆ. ಆಗ, ಸೋಂಕಿನ ವಿಷಯ ಗೊತ್ತಿದ್ದು ಪುಣೆಯಲ್ಲಿ ದುಡಿಯುವ ಮಗನೋ ಮಗಳೋ ಫೋನ್ ಮಾಡಿ ನೆನಪಿಸುವಂತೆ ಮೊದಲೇ ಮಾತಾಡಿಟ್ಟಿರುತ್ತಿದ್ದೆವು.